ಮಧುಚಂದ್ರಕ್ಕೆ ಹಡಗು ಬೇಡವೆನ್ನುವ ಗಂಡ

ಪ್ರಶ್ನೆ: ನನಗೆ 27 ವರ್ಷ, ಉಡುಪಿಯ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಜನವರಿಯಲ್ಲಿ ಮದುವೆಯಾಯಿತು. ಗಂಡ ಒಂಬತ್ತು ವರ್ಷಗಳಿಂದ ಅಮೆರಿಕದ ಮಯಾಮಿಯಿಂದ ಹೊರಡುವ ಪ್ರವಾಸಿ ಹಡಗಿನ ಊಟದ ವಿಭಾಗದಲ್ಲಿದ್ದಾರೆ. ಈಗ ರಜೆಯಲ್ಲಿದ್ದಾರೆ, ಏಪ್ರಿಲ್ ಕೊನೆಗೆ ಮತ್ತೆ ಹೊರಡಬೇಕು. ಚಿಕ್ಕಂದಿನಲ್ಲಿ ಕಾಪು ದೀಪಸ್ತಂಭದ ಬಂಡೆಯ ಮೇಲೆ ಕೂತು ದೂರದ ಹಡಗುಗಳ ದೀಪ ನೋಡುತ್ತಿದ್ದವಳು ನಾನು. ಮಧುಚಂದ್ರ ಹಡಗಿನಲ್ಲೇ ಆಗಬೇಕೆಂದು ಆಸೆ. ಅವರು ಮಾತ್ರ ‘ಎಲ್ಲಿಗೆ ಬೇಕಾದರೂ ಹೋಗೋಣ, ಹಡಗು ಬೇಡ’ ಎಂದು ಮಾತು ಮುಗಿಸುತ್ತಾರೆ. ‘ಹಡಗಿನಲ್ಲಿ ಯಾರೋ ಇದ್ದಿರಬೇಕು, ಅದಕ್ಕೇ ನಿನ್ನನ್ನು ಕರೆದೊಯ್ಯುವುದಿಲ್ಲ’ ಎಂದು ದೊಡ್ಡಮ್ಮನ ಮಗಳು ಅಕ್ಕ ಹೇಳಿದ ಮೇಲೆ ನಿದ್ದೆ ಬರುತ್ತಿಲ್ಲ. ಅವರಿಗೆ ತಿಳಿಸದೆ, ಏಪ್ರಿಲ್ ಎರಡನೆಯ ವಾರ ಮುಂಬಯಿಯಿಂದ ಗೋವಾಕ್ಕೆ ಹೋಗಿ ಬರುವ ಹಡಗಿನಲ್ಲಿ ಬಾಲ್ಕನಿಯ ಕೋಣೆ ಬುಕ್ ಮಾಡಿ, ಉಡುಗೊರೆಯ ಹಣದಿಂದ 30,000 ರೂಪಾಯಿ ಮುಂಗಡ ಕೊಟ್ಟಿದ್ದೇನೆ. ರಶೀದಿ ಧಾರೆ ಸೀರೆಯ ಮಡಿಕೆಯಲ್ಲಿದೆ. ಮೊದಲೇ ಹೇಳಲೇ, ಅಥವಾ ಮುಂಬಯಿಗೆಂದು ಕರೆದೊಯ್ದು ಹಡಗಿನ ಮುಂದೆಯೇ ನಿಲ್ಲಿಸಲೇ? ಮೊನ್ನೆ ಮಂಗಳೂರಿನ ಹೋಟೆಲಿನಲ್ಲೂ ಅವರಿಗೆ ಸುಮ್ಮನೆ ಕೂತು ಉಣ್ಣಲು ಆಗಲಿಲ್ಲ. ತಿಂದ ತಟ್ಟೆಗಳನ್ನು ಪೇರಿಸಿ, ಚಮಚಗಳನ್ನೆಲ್ಲ ಒಂದೇ ಬದಿಗೆ ತಿರುಗಿಸಿಟ್ಟು, ವೈಟರ್ ಬರುವ ದಾರಿ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು.
– ಹೆಸರು ಬೇಡ, ಉಡುಪಿ

ಉತ್ತರ: ಪ್ರಿಯ ಸಹೋದರಿ, ನಿಮ್ಮ ಪತ್ರವನ್ನು ಮೊದಲ ಸಲ ಓದಿದಾಗ ನನ್ನ ಕಣ್ಣು ಹೋದದ್ದು ಆ ರಶೀದಿಯ ಮೇಲೆ. ಎರಡನೆಯ ಸಲ ಓದಿದಾಗ, ಕೊನೆಯಲ್ಲಿ ನೆನಪಾಯಿತೆಂದು ಸೇರಿಸಿದಂತಿರುವ ತಟ್ಟೆ ಚಮಚಗಳ ಮಾತಿನಲ್ಲಿ ನಿಂತುಬಿಟ್ಟೆ. ನಿಮಗೆ ನಾಚಿಕೆ ತಂದ ಆ ಗಳಿಗೆಯಲ್ಲೇ ನಿಮ್ಮ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಇದೆ. ಚಮಚಗಳನ್ನು ಒಂದೇ ಬದಿಗೆ ತಿರುಗಿಸಿಟ್ಟದ್ದು ಎತ್ತುವವನ ಕೈಗೆ ಸುಲಭವಾಗಲೆಂದು. ಒಂಬತ್ತು ವರ್ಷ ಎತ್ತಿದ ಕೈ ಅದು. ನಿಮ್ಮ ಎದುರು ಕೂತು ಉಣ್ಣುತ್ತಿದ್ದಾಗಲೂ ಅವರು ಅರ್ಧ ವೈಟರ್‌ನ ಬದಿಯಲ್ಲೇ ಇದ್ದರು.

ಹಡಗೆಂದರೆ ನಿಮಗೆ ಕಾಪುವಿನ ಬಂಡೆಯಿಂದ ಕಂಡ ದೀಪಗಳ ಸಾಲು. ಅದೇ ಹಡಗಿನೊಳಗೆ ಅವರು ಕಂಡದ್ದು ಬೇರೆ. ಊಟದ ವಿಭಾಗದ ಕೆಲಸಗಾರರ ಕೋಣೆಗಳು ಸಾಮಾನ್ಯವಾಗಿ ನೀರಿನ ಮಟ್ಟಕ್ಕೆ ಸಮನಾಗಿ ಅಥವಾ ಅದಕ್ಕಿಂತ ಕೆಳಗೆ ಇರುತ್ತವೆ. ಕಿಟಕಿ ಇಲ್ಲ, ಒಂದರ ಮೇಲೊಂದು ಮಂಚ, ಒಂದು ಕೋಣೆಗೆ ಇಬ್ಬರು. ಆರರಿಂದ ಒಂಬತ್ತು ತಿಂಗಳ ಕಾಂಟ್ರಾಕ್ಟ್ ಮುಗಿಯುವವರೆಗೆ ಭಾನುವಾರವೆಂಬ ರಜೆ ಇರುವುದಿಲ್ಲ. ಭಾರತವೂ 2015ರಲ್ಲಿ ಒಪ್ಪಿಕೊಂಡಿರುವ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದವು ದಿನದ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಇರಬೇಕು ಎನ್ನುತ್ತದೆ. ಇಂಥದೊಂದನ್ನು ಕಾನೂನು ಮಾಡಿ ಹೇಳಬೇಕಾಯಿತು ಎಂದಮೇಲೆ ಉಳಿದ ಗಂಟೆಗಳು ಹೇಗಿರುತ್ತವೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ನೀವು ಬಯಸುವ ಈಜುಕೊಳ, ತೆರೆದ ಡೆಕ್ಕು, ಸಂಗೀತದ ಹಜಾರಗಳಲ್ಲಿ ಅವರ ದರ್ಜೆಯವರು ಕೆಲಸವಿಲ್ಲದ ಹೊತ್ತಿನಲ್ಲಿ ಅತಿಥಿಗಳಂತೆ ಕೂರುವ ಹಾಗೂ ಇರುವುದಿಲ್ಲ.

ನಮ್ಮ ಬೀದಿಯ ಹುಡುಗನೊಬ್ಬ ಹೀಗೆಯೇ ಹಡಗಿನಲ್ಲಿದ್ದ. ಒಂದು ವರ್ಷ ಅವನ ಹಡಗು ಪಣಂಬೂರಿನ ನವಮಂಗಳೂರು ಬಂದರಿಗೇ ಬಂತು. ಪ್ರವಾಸಿಗಳು ಬಸ್ಸು ಹತ್ತಿ ಕದ್ರಿ ದೇವಸ್ಥಾನ, ಕಾರ್ಕಳದ ಗೊಮ್ಮಟ, ಗೇರುಬೀಜದ ಕಾರ್ಖಾನೆ ಎಂದು ಊರೆಲ್ಲ ಸುತ್ತಿದರು. ಅವನ ತಾಯಿ ಬಂಗುಡೆ ಪುಳಿಮುಂಚಿಯ ಡಬ್ಬಿಯನ್ನು ಬೈರಾಸಿನಲ್ಲಿ ಸುತ್ತಿಕೊಂಡು ಬಂದರಿನ ಗೇಟಿನ ಹೊರಗೆ ಬೆಳಗ್ಗೆಯೇ ನಿಂತಿದ್ದರು. ಮಗ ಮಧ್ಯಾಹ್ನ ಇಪ್ಪತ್ತು ನಿಮಿಷ ಬಂದು, ನಿಂತಲ್ಲೇ ನಾಲ್ಕು ತುತ್ತು ತಿಂದು ಒಳಗೆ ಓಡಿದ. ಆತನಿಗೆ ಮದುವೆಯಾದಾಗ ‘ಹೆಂಡತಿಯನ್ನು ಹಡಗಿಗೆ ಕರೆದುಕೊಂಡು ಹೋಗುತ್ತೀಯಾ’ ಎಂದು ನಾನೇ ತಮಾಷೆಗೆ ಕೇಳಿದ್ದೆ. ಆತ ನಗಲಿಲ್ಲ.

ಇನ್ನು ನಿಮ್ಮ ನಿದ್ದೆ ಕೆಡಿಸಿದ ಮಾತು. ನಿಮ್ಮ ಗಂಡನ ಹಡಗು ಹೊರಡುವುದು ಮಯಾಮಿಯಿಂದ, ನೀವು ಬುಕ್ ಮಾಡಿರುವ ಹಡಗು ಮುಂಬಯಿಯಿಂದ. ಕಂಪೆನಿ ಬೇರೆ, ಸಮುದ್ರವೂ ಬೇರೆ. ಅಲ್ಲಿ ಯಾರನ್ನೋ ಬಚ್ಚಿಟ್ಟವರಾಗಿದ್ದರೆ ಗೋವಾಕ್ಕೆ ಹೋಗುವ ಹಡಗಿಗೆ ಅವರು ಹೆದರಬೇಕಾದ ಕಾರಣವೇ ಇರಲಿಲ್ಲ; ಸಂತೋಷದಿಂದ ಕರೆದುಕೊಂಡು ಹೋಗಿ ನಿಮ್ಮ ಬಾಯಿಯನ್ನೂ ಅಕ್ಕನ ಬಾಯಿಯನ್ನೂ ಒಟ್ಟಿಗೇ ಮುಚ್ಚಿಸಬಹುದಿತ್ತು. ಅವರು ಬೇಡವೆನ್ನುವುದು ಯಾವುದೋ ಒಂದು ಹಡಗನ್ನಲ್ಲ, ಎಲ್ಲ ಹಡಗುಗಳನ್ನೂ. ಹಾಗಾಗಿ ಅಕ್ಕನ ತರ್ಕ ನಿಲ್ಲುವುದಿಲ್ಲ. ನೀವೇ ಮೂರು ತಿಂಗಳಷ್ಟೇ ಬಲ್ಲ ಮನುಷ್ಯನ ಬಗ್ಗೆ ನಾನು ಇಲ್ಲಿ ಕೂತು ಪ್ರಮಾಣಪತ್ರ ಕೊಡಲಾರೆ. ಆದರೆ ನಿಮಗೆ ಸಂಶಯ ಉಳಿದಿದ್ದರೆ ಅದನ್ನು ಅವರ ಮುಖ ನೋಡಿ ಕೇಳಿ. ಅಕ್ಕನ ಬಾಯಿಂದ ಅರ್ಥ ಮಾಡಿಸಿಕೊಳ್ಳಬೇಡಿ.

ಹಡಗಿನ ಮುಂದೆ ಕೊಂಡುಹೋಗಿ ನಿಲ್ಲಿಸುವ ಯೋಚನೆಯನ್ನು ದಯವಿಟ್ಟು ಬಿಡಿ. ಬಾಗಿಲಲ್ಲಿ ನಗುತ್ತ ಸ್ವಾಗತಿಸುವ ಸಮವಸ್ತ್ರದವರಲ್ಲಿ ಅವರ ಜೊತೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಕುಂದಾಪುರದವನೋ ಮೂಲ್ಕಿಯವನೋ ಇದ್ದರೆ ಆಶ್ಚರ್ಯವಿಲ್ಲ, ಏಕೆಂದರೆ ಈ ಕೆಲಸಕ್ಕೆ ನಮ್ಮ ಕರಾವಳಿಯಿಂದ ಹೋದ ಹುಡುಗರು ಬಹಳ. ಹಳೆಯ ಗೆಳೆಯ ‘ಸರ್’ ಎಂದು ಕರೆದು ತಟ್ಟೆ ತಂದಿಡುವಾಗ, ಪಕ್ಕದಲ್ಲಿ ಹೊಸ ಹೆಂಡತಿಯನ್ನು ಕೂರಿಸಿಕೊಂಡು ಅವರು ಎಲ್ಲಿ ನೋಡಬೇಕು? ಕೆಲವರಿಗೆ ಇದೇ ಹೆಮ್ಮೆಯಾಗಬಹುದು, ‘ನೋಡು, ಇವತ್ತು ನಾನು ಅತಿಥಿ’ ಎಂದು. ನಿಮ್ಮವರು ಯಾವ ಬಗೆಯವರೆಂದು ಅವರನ್ನು ಕೇಳದೆ ನಿಮಗೂ ತಿಳಿಯದು, ನನಗೂ ತಿಳಿಯದು. ಕೇಳದೇ ಪರೀಕ್ಷೆ ಮಾಡಿ ನೋಡುವುದು ಮಾತ್ರ ಸರಿಯಲ್ಲ. ಅದೂ ಒಮ್ಮೆ ದಡ ಬಿಟ್ಟರೆ ಎದ್ದು ಹೊರಗೆ ನಡೆಯಲು ಜಾಗವಿಲ್ಲದ ಕಡೆ.

ಹಾಗೆಂದು ನಿಮ್ಮ ಆಸೆ ಸಣ್ಣದು ಎಂದು ನಾನು ಹೇಳುತ್ತಿಲ್ಲ. ಗಂಡನ ದಣಿವಿಗೆ ಹೆಂಡತಿಯ ಆಸೆಯನ್ನು ಸದ್ದಿಲ್ಲದೆ ಬಲಿಕೊಡುವ ಉಪದೇಶವನ್ನು ನಮ್ಮ ಹಿರಿಯರು ಬೇಕಾದಷ್ಟು ಮಾಡಿದ್ದಾರೆ. ನಿಮ್ಮ ಗಂಡನದೂ ಒಂದು ತಪ್ಪಿದೆ: ‘ಬೇಡ’ ಎಂದರೇ ಹೊರತು ಏಕೆ ಬೇಡವೆಂದು ಹೇಳಲಿಲ್ಲ, ಆ ಖಾಲಿ ಜಾಗಕ್ಕೆ ಅಕ್ಕ ಬಂದು ಕೂತರು. ಆದ್ದರಿಂದ ನೀವು ಕೇಳಬೇಕಾದದ್ದು ‘ಏಕೆ ಕರೆದೊಯ್ಯುವುದಿಲ್ಲ’ ಎಂದಲ್ಲ. ಒಂದು ಬಿಳಿ ಹಾಳೆ ಮತ್ತು ಪೆನ್ನು ಕೊಟ್ಟು, ನೀವು ಮಲಗುವ ಕೋಣೆ ಎಲ್ಲಿ, ಅಡುಗೆಮನೆ ಎಲ್ಲಿ, ತಟ್ಟೆ ಹೊತ್ತು ಎಷ್ಟು ಮೆಟ್ಟಿಲು ಹತ್ತುತ್ತೀರಿ, ಸಮುದ್ರ ನೋಡಬೇಕೆನಿಸಿದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿ ಅವರ ಹಡಗನ್ನು ಅವರ ಕೈಯಲ್ಲೇ ಬರೆಯಿಸಿ. ಅವರು ಬರೆಯುತ್ತ ಹೋದ ಹಾಗೆ ಕಾಪುವಿನ ಬಂಡೆಯ ಕತೆಯನ್ನೂ ಹೇಳಿ. ಪತ್ರದಲ್ಲಿ ನನಗೆ ಹೇಳಿದ್ದೀರಿ, ಅವರಿಗೆ ಹೇಳಿದ್ದೀರೋ ಇಲ್ಲವೋ ಎಂದು ನನಗೆ ಅನುಮಾನ.

ಹಣದ ವಿಷಯವನ್ನೂ ಮುಚ್ಚಿಡುವಂತಿಲ್ಲ. ಇಂಥ ಕೆಲಸದಲ್ಲಿ ಸಾಮಾನ್ಯವಾಗಿ ರಜೆಯ ತಿಂಗಳುಗಳಿಗೆ ಸಂಬಳ ಇರುವುದಿಲ್ಲ, ಆದ್ದರಿಂದ ಅವರು ಈಗ ಕೂಡಿಟ್ಟದ್ದರಲ್ಲೇ ಬದುಕುತ್ತಿರಬಹುದು. ಹಡಗಿನ ಬುಕಿಂಗ್ ರದ್ದು ಮಾಡಿದರೆ ಕಡಿತವು ಹೊರಡುವ ದಿನ ಹತ್ತಿರವಾದಷ್ಟೂ ಹೆಚ್ಚುತ್ತ ಹೋಗುವುದು ವಾಡಿಕೆ. ಹಾಗಾಗಿ ಹೇಳುವುದನ್ನು ಒಂದೊಂದು ವಾರ ಮುಂದೂಡಿದರೂ ಅದಕ್ಕೊಂದು ಬೆಲೆ ಇದೆ. ಇಂದು ರದ್ದು ಮಾಡಿದರೆ ಎಷ್ಟು ಹೋಗುತ್ತದೆ, ಮುಂದಿನ ವರ್ಷದ ದಿನಕ್ಕೆ ಬದಲಾಯಿಸಲು ಆಗುತ್ತದೆಯೇ ಎಂಬುದನ್ನು ಏಜೆಂಟರಿಂದ ಬರಹದಲ್ಲಿ ತರಿಸಿಕೊಳ್ಳಿ, ಫೋನಿನ ಮಾತನ್ನು ನಂಬಬೇಡಿ. ಒಂದಿಷ್ಟು ಹೋದರೆ ಹೋಗಲಿ.

ಒಂದು ವೇಳೆ ಎಲ್ಲ ಕೇಳಿದ ಮೇಲೆ ಅವರೇ ‘ಬಾ, ಹೋಗೋಣ’ ಎಂದರೆ ಮುಂಬಯಿಗೆ ಹೋಗುವ ಮತ್ಸ್ಯಗಂಧಾ ರೈಲಿಗೆ ಟಿಕೆಟ್ ಮಾಡಿಸಿ. ಎಂಥ ಕೋಣೆಯಲ್ಲಿ ಅಲುಗಾಟ ಕಡಿಮೆ, ದಡ ಬಿಟ್ಟ ಮೇಲೆ ಹಡಗಿನ ಉಪಗ್ರಹ ಜಾಲಕ್ಕೆ ಸಿಕ್ಕಿ ಮೊಬೈಲ್ ಬಿಲ್ ಏರದಂತೆ ಏನು ಮಾಡಬೇಕು, ಯಾವ ಹೊತ್ತಿನಲ್ಲಿ ಯಾವ ಡೆಕ್ಕು ಖಾಲಿ ಇರುತ್ತದೆ ಎಂಬುದನ್ನೆಲ್ಲ ಹೇಳಲು ನಿಮಗೆ ಬೇರೆ ಮಾರ್ಗದರ್ಶಿ ಬೇಕಿಲ್ಲ. ನೀವು ಮಾಡಬೇಕಾದದ್ದು ಒಂದೇ: ಮದುವೆಯ ನಂತರ ಹೆಸರಿನ ಕೊನೆಗೆ ಗಂಡನ ಹೆಸರು ಸೇರಿಸಿಕೊಂಡಿದ್ದರೆ, ಟಿಕೆಟ್‌ನ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಇದೆಯೇ ಎಂದು ನೋಡಿಕೊಳ್ಳುವುದು. ‘ಬೇಡ’ ಎಂದೇ ಹೇಳಿದರೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಬನ್ನಿ. ಅದು ಹಡಗಿಗೆ ಸಮವಲ್ಲ, ಬಲ್ಲೆ. ಆದರೆ ಅಲ್ಲಿ ಅವರ ಕೈಗೆ ಕೆಲಸವಿರುವುದಿಲ್ಲ.

ನನಗೆ ನಿಜವಾಗಿ ಚಿಂತೆಯಾಗುವುದು ದಿನಗಳ ಬಗ್ಗೆ. ಏಪ್ರಿಲ್ ಕೊನೆಗೆ ಅವರು ಹೊರಡುತ್ತಾರೆ. ಜುಲೈಯಲ್ಲಿ ತುಳುನಾಡಿನ ಆಟಿ ತಿಂಗಳು ಬಂದಾಗ ವಾಡಿಕೆಯಂತೆ ನಿಮ್ಮನ್ನು ತವರಿಗೆ ಕರೆಸಿಕೊಳ್ಳುತ್ತಾರೆ. ಬೇರೆ ಹೊಸ ಮದುಮಕ್ಕಳಿಗೆ ಅದು ಒಂದು ತಿಂಗಳ ಅಗಲಿಕೆ, ನಿಮ್ಮ ಪಾಲಿನ ಆಟಿ ಮಾತ್ರ ಏಳೆಂಟು ತಿಂಗಳದ್ದು. ಉಳಿದಿರುವ ಈ ಕೆಲವೇ ವಾರಗಳಲ್ಲಿ ಒಬ್ಬರು ರಶೀದಿಯನ್ನೂ ಇನ್ನೊಬ್ಬರು ಕಾರಣವನ್ನೂ ಬಚ್ಚಿಟ್ಟುಕೊಂಡು ಒಂದೇ ಮನೆಯಲ್ಲಿ ಓಡಾಡುವುದು ದುಬಾರಿಯಾಯಿತು. ಇಂದು ಬ್ಯಾಂಕಿನಿಂದ ಬಂದವರೇ ಕಪಾಟು ತೆರೆದು, ಧಾರೆ ಸೀರೆಯ ಮಡಿಕೆಯಿಂದ ಆ ಕಾಗದ ತೆಗೆದು ಅವರ ಕೈಗೆ ಕೊಡಿ. ಏಜೆಂಟರಿಗೆ ಫೋನ್ ಮಾಡುವುದು ನಾಳೆಯಾದರೂ ಆದೀತು.