ಮಂಗಳೂರಿನ ಹಳೆಯ ಸಮಾಧಿಗಳ ಫೋಟೋದಲ್ಲಿ ಸಾವಿನ ಭಾವ ತರುವುದು ಹೇಗೆ?

ಇಡೀ ಸ್ಮಶಾನವನ್ನು ಒಂದೇ ಫ್ರೇಮಿನಲ್ಲಿ ಹಿಡಿಯಲು ಹೋಗಬೇಡಿ. ಒಂದು ಕಲ್ಲಿನ ಹತ್ತಿರ ಕೂತುಕೊಳ್ಳಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಇಲ್ಲಿಗೆ ಬಂದದ್ದು 1834ರಲ್ಲಿ. ಆ ಕಾಲದಲ್ಲಿ ಯುರೋಪಿನಿಂದ ಬಂದ ಎಷ್ಟೋ ಜನ ಜ್ವರ, ಭೇದಿಗೆ ಸಿಕ್ಕಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಹಾಗಾಗಿ ಮೊದಲು ವಯಸ್ಸು ಓದಿ. ನನಗಂತೂ ಅಲ್ಲೇ ಎದೆ ಭಾರವಾಗುತ್ತದೆ.

ಆಮೇಲೆ ಕೆತ್ತನೆ ನೋಡಿ. ಅರ್ಧಕ್ಕೆ ಮುರಿದ ಕಂಬ ಕಂಡರೆ ಅದು ಒಡೆದುಹೋದದ್ದಲ್ಲ, ಅರ್ಧಕ್ಕೆ ನಿಂತ ಬದುಕಿಗೆ ಬೇಕಂತಲೇ ಮಾಡಿದ್ದು. ಕುರಿಮರಿ ಇದ್ದರೆ ಸಾಮಾನ್ಯವಾಗಿ ಮಗುವಿನ ಸಮಾಧಿ. ಲಂಗರು ಭರವಸೆಯ ಗುರುತು.

ಸವೆದ ಅಕ್ಷರಕ್ಕೆ ಬೆಳಗಿನ ಓರೆ ಬಿಸಿಲೇ ಬೇಕು. ಮಧ್ಯಾಹ್ನ ಏನೂ ಕಾಣದ ಕಲ್ಲಿನಲ್ಲಿ, ಬೆಳಿಗ್ಗೆ ಏಳಕ್ಕೆ ಒಂದೊಂದು ಅಕ್ಷರದ ಅಂಚಿಗೂ ಕೂದಲೆಳೆಯಷ್ಟು ನೆರಳು ಬೀಳುತ್ತದೆ. ಬಿಸಿಲಿಲ್ಲವೇ? ಪಕ್ಕದಿಂದ ಟಾರ್ಚ್ ಹಿಡಿಯಿರಿ. ಸೀಮೆಸುಣ್ಣ ಉಜ್ಜಬೇಡಿ, ಪಾಚಿ ಕೆರೆಯಬೇಡಿ, ಕಲ್ಲು ಹಾಳಾಗುತ್ತದೆ. ನಮ್ಮ ಮಳೆಗಾಲ ಮುಗಿದ ಕೂಡಲೇ ಹೋದರೆ ಮುರಕಲ್ಲಿನ ಕೆಂಪು, ಪಾಚಿಯ ಹಸಿರು ಎರಡೂ ಸಿಗುತ್ತವೆ.

ಚರ್ಚಿನವರನ್ನು ಕೇಳಿಯೇ ಒಳಗೆ ಹೋಗಿ. ತೀರಿಕೊಂಡವರನ್ನು ನೆನೆಯುವ ದಿನವಾದ ನವೆಂಬರ್ 2ರಂದು ಕ್ಯಾಥೋಲಿಕ್ ಮನೆಯವರು ಮೇಣದಬತ್ತಿ ಹಚ್ಚಲು ಬರುತ್ತಾರೆ. ಅವತ್ತು ಕ್ಯಾಮೆರಾ ಚೀಲದಲ್ಲೇ ಇರಲಿ.