ಸಾಂಕ್ರಾಮಿಕ ರೋಗ ಕಾಣಿಸಿಕೊಂಡಾಗ ಆಸ್ಪತ್ರೆ ಮೊದಲು ಮಾಡಬೇಕಾದದ್ದೇನು?

ರೋಗ ಹಬ್ಬುವ ಸೂಚನೆ ಸಿಕ್ಕ ಕೂಡಲೇ ಜಿಲ್ಲಾ ಮಟ್ಟದ ಆಸ್ಪತ್ರೆಯೊಂದು ಹಾಸಿಗೆ ಮತ್ತು ವೆಂಟಿಲೇಟರ್‌ಗಳನ್ನು ಹೆಚ್ಚಿಸಿಕೊಂಡರೆ ಸಾಕೇ ಎಂದು ತಾವು ಕೇಳಿದ್ದೀರಿ. ಸೋಂಕು ನಿಯಂತ್ರಣ ವಿಭಾಗದಲ್ಲಿ ನರ್ಸ್ ಆಗಿರುವ ನಾನು ಹೇಳುವುದಿಷ್ಟು: ಅವೆಲ್ಲ ಬೇಕು, ಆದರೆ ಆಸ್ಪತ್ರೆಯೇ ರೋಗ ಹಂಚುವ ಜಾಗವಾಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೊದಲಿನ ಕೆಲಸ.

2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯಲ್ಲಿ ಕಾಣಿಸಿಕೊಂಡ ನಿಪಾ ಎಂಬ ಮಾರಕ ವೈರಸ್ ಸೋಂಕು ಇದನ್ನು ಸ್ಪಷ್ಟವಾಗಿ ತೋರಿಸಿತು. ಮೊದಲ ರೋಗಿ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಗೆ ದಾಖಲಾದಾಗ ಆರೈಕೆ ಮಾಡಿದ ನರ್ಸ್ ಲಿನಿ ಸೋಂಕಿಗೆ ಒಳಗಾಗಿ ಮೇ 21ರಂದು ತೀರಿಕೊಂಡರು. ಅದೇ ರೋಗಿಯನ್ನು ವೈದ್ಯಕೀಯ ಕಾಲೇಜಿಗೆ ಕರೆದೊಯ್ದಾಗ, ಸಿ.ಟಿ. ಸ್ಕ್ಯಾನ್ ಕೋಣೆಯ ಹೊರಗಿನ ಕಾರಿಡಾರ್‌ನಲ್ಲಿ ಬೇರೆ ಕಾಯಿಲೆಗಳಿಗಾಗಿ ಬಂದಿದ್ದವರಿಗೂ ಅವರ ಕಡೆಯವರಿಗೂ ಸೋಂಕು ತಗುಲಿತು. ಪ್ರಯೋಗಾಲಯದಲ್ಲಿ ದೃಢಪಟ್ಟ 18 ಮಂದಿಯಲ್ಲಿ 16 ಮಂದಿ ಉಳಿಯಲಿಲ್ಲ. ಬಹುಪಾಲು ಜನರಿಗೆ ಸೋಂಕು ಹತ್ತಿದ್ದು ಆಸ್ಪತ್ರೆಗಳಲ್ಲೇ. ಆ ಹೊತ್ತಿಗೆ ಇದು ಯಾವ ರೋಗವೆಂದೇ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅಲ್ಲಿನ ಸಿಬ್ಬಂದಿಯನ್ನು ದೂರುವುದು ಅನ್ಯಾಯ. ಆ ಮೊದಲ ರೋಗಿಯ ಮನೆಯ ಇನ್ನೊಬ್ಬರು ಅವೇ ಲಕ್ಷಣಗಳೊಂದಿಗೆ ಬಂದಾಗ ಖಾಸಗಿ ಆಸ್ಪತ್ರೆಯೊಂದರ ವೈದ್ಯರು ಅನುಮಾನಿಸಿ, ನಮ್ಮ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಕ್ಕೆ ಮಾದರಿ ಕಳುಹಿಸಿದ ಮೇಲೆಯೇ ನಿಪಾ ಎಂಬುದು ತಿಳಿದದ್ದು. ಅನಂತರ ಎರಡು ಸಾವಿರಕ್ಕೂ ಹೆಚ್ಚು ಸಂಪರ್ಕಿತರನ್ನು ಪಟ್ಟಿ ಮಾಡಿ ನಿಗಾ ಇಡಲಾಯಿತು. ಮರುವರ್ಷ ಎರ್ನಾಕುಲಂನಲ್ಲಿ ವಿದ್ಯಾರ್ಥಿಯೊಬ್ಬರಿಗೆ ನಿಪಾ ಬಂದಾಗ ಅದು ಮತ್ತೊಬ್ಬರಿಗೆ ಹರಡಲಿಲ್ಲ.

ಹೀಗಾಗಿ ವರದಿ ಬರುವವರೆಗೆ ಕಾಯಬಾರದು. ಜ್ವರದೊಂದಿಗೆ ಕೆಮ್ಮು ಅಥವಾ ಪ್ರಜ್ಞೆಯಲ್ಲಿ ಏರುಪೇರು ಇರುವವರಿಗೆ ತುರ್ತು ವಿಭಾಗದ ಬಾಗಿಲಲ್ಲೇ ಮಾಸ್ಕ್ ಕೊಟ್ಟು, ಪ್ರತ್ಯೇಕ ಕೋಣೆಗೆ ಕಳುಹಿಸಿ, ಜೊತೆಗೆ ಒಬ್ಬರನ್ನಷ್ಟೇ ಬಿಡಬೇಕು. ಒಳಹೋದ ಪ್ರತಿಯೊಬ್ಬರ ಹೆಸರೂ ರಿಜಿಸ್ಟರ್‌ನಲ್ಲಿರಬೇಕು. ಸ್ಕ್ಯಾನ್ ಅನಿವಾರ್ಯವಾದರೆ ಕಾರಿಡಾರ್ ತೆರವುಗೊಳಿಸಿ, ಸಾಧ್ಯವಾದರೆ ದಿನದ ಕೊನೆಯ ಸರದಿಯಲ್ಲಿ ಕರೆದೊಯ್ಯಬೇಕು.

ರಕ್ಷಣಾ ಉಡುಪನ್ನು ತೊಡುವುದಕ್ಕಿಂತ ಕಳಚುವಾಗಲೇ ಅಪಾಯ ಹೆಚ್ಚು. ದಣಿದ ಕೈ ಗ್ಲೌಸ್ ಸಮೇತ ಹಣೆಯ ಬೆವರೊರೆಸಲು ಮೇಲೇಳುತ್ತದೆ. ಆದ್ದರಿಂದ ಕಳಚುವ ಜಾಗದಲ್ಲಿ ಒಬ್ಬರು ಎದುರು ನಿಂತು ಒಂದೊಂದೇ ಹಂತವನ್ನು ಗಟ್ಟಿಯಾಗಿ ಹೇಳುವುದು, ನಡುನಡುವೆ ಕೈ ಶುಚಿಗೊಳಿಸಿಕೊಳ್ಳುವುದು, ಕೋಣೆಯಿಂದ ಹೊರಬಂದ ಮೇಲೆ ಕೊನೆಗೆ ಮಾಸ್ಕ್ ತೆಗೆಯುವುದು ಕಡ್ಡಾಯವಾಗಬೇಕು. ಈ ತರಬೇತಿ ವೈದ್ಯರಿಗೆ ಸಿಗುವಷ್ಟೇ ಚೆನ್ನಾಗಿ ನೆಲ ಒರೆಸುವವರಿಗೂ ಬಟ್ಟೆ ಒಗೆಯುವವರಿಗೂ ಸಿಗಬೇಕು. ಅವರಲ್ಲಿ ಅನೇಕರು ಹೊರಗುತ್ತಿಗೆಯವರೆಂಬ ಕಾರಣಕ್ಕೆ ಬಿಟ್ಟುಹೋಗುತ್ತಾರೆ.

ಇನ್ನೊಂದು ಮಾತನ್ನು ಆಡಳಿತದವರು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನನ್ನ ಕಳಕಳಿ. ರಜೆ ಹಾಕಿದರೆ ದಿನದ ಕೂಲಿ ಹೋಗುತ್ತದೆ ಎಂಬ ಭಯವಿರುವ ಕೆಲಸಗಾರರು ಮೈ ಬಿಸಿಯಾದರೂ ಹೇಳದೆ ವಾರ್ಡಿಗೆ ಬರುತ್ತಾರೆ. ಸಿಬ್ಬಂದಿಯ ಜ್ವರವನ್ನು ದಿನಾ ಎರಡು ಬಾರಿ ನೋಡುವ ಆದೇಶದ ಜೊತೆಗೆ, ಜ್ವರ ಬಂದವರಿಗೆ ವೇತನಸಹಿತ ರಜೆ ಕೊಡುವ ಆದೇಶವೂ ಅದೇ ದಿನ ಹೊರಡಬೇಕು.