ಗಲ್ಫ್‌ನಿಂದ ಊರಿಗೆ ಬರಲು ಕಂಪನಿಯ ಒಪ್ಪಿಗೆ ಬೇಕೇ? ಒಪ್ಪಿಗೆಯ ಕಾಗದ ಬರೆಯುತ್ತಿದ್ದವನ ಉತ್ತರ

ನಿಮ್ಮ ತಮ್ಮನಿಗೆ ಕುವೈತ್‌ನ ಖಾಸಗಿ ಕಂಪನಿಯೊಂದರಲ್ಲಿ ಎಸಿ ಮೆಕ್ಯಾನಿಕ್ ಕೆಲಸ ಸಿಕ್ಕಿದೆ, ಅಲ್ಲಿಂದ ಊರಿಗೆ ಬರಬೇಕಾದರೆ ಕಂಪನಿಯ ಒಪ್ಪಿಗೆ ಬೇಕಂತೆ, ಇದು ನಿಜವೇ, ನಿಜವಾದರೆ ಅವನನ್ನು ಕಳುಹಿಸಬಹುದೇ ಎಂದು ಕೇಳಿದ್ದೀರಿ. ಮೊದಲ ಭಾಗಕ್ಕೆ ಉತ್ತರ ಸುಲಭ: ನಿಜ. 2025ರ ಜುಲೈ 1ರಿಂದ ಕುವೈತ್‌ನ ಖಾಸಗಿ ವಲಯದ ವಿದೇಶಿ ನೌಕರರು, ಅಂದರೆ ಅಲ್ಲಿ ಎಲ್ಲರೂ ಹದಿನೆಂಟನೇ ನಂಬರಿನ ವೀಸಾ ಎಂದು ಕರೆಯುವ ವರ್ಗದವರು, ದೇಶ ಬಿಡುವ ಮೊದಲು ಎಕ್ಸಿಟ್ ಪರ್ಮಿಟ್ ಪಡೆಯಬೇಕು. ‘ಸಹೆಲ್’ ಎಂಬ ಸರ್ಕಾರಿ ಆ್ಯಪ್‌ನಲ್ಲಿ ನೌಕರ ಅರ್ಜಿ ಹಾಕುತ್ತಾನೆ, ಕಂಪನಿ ಅದನ್ನು ಆನ್‌ಲೈನ್‌ನಲ್ಲೇ ಒಪ್ಪುತ್ತದೆ.

ಎರಡನೆಯ ಭಾಗಕ್ಕೆ ಒಂದೇ ಮಾತಿನ ಉತ್ತರ ನನ್ನ ಬಳಿ ಇಲ್ಲ. ನಾನು ಕುವೈತ್‌ನಲ್ಲಿ ಇದ್ದವನೂ ಅಲ್ಲ. 2008ರಿಂದ 2019ರವರೆಗೆ ಕತಾರ್‌ನ ದೋಹಾದಲ್ಲಿದ್ದೆ. ಅಲ್ಲಿ ಸನಯ್ಯಾ ಎನ್ನುತ್ತಾರೆ, ಊರಾಚೆಯ ಕೈಗಾರಿಕಾ ಪ್ರದೇಶ. ಶೆಡ್ಡು, ಗ್ಯಾರೇಜು, ಕಾರ್ಮಿಕರ ಕ್ಯಾಂಪುಗಳ ಧೂಳುಮಯ ಬೀದಿಗಳು. ಅಲ್ಲಿನ ಒಂದು ಕಂಪನಿಯಲ್ಲಿ, ಕಟ್ಟಡಗಳಿಗೆ ನೀರಿನ ಪೈಪು, ವಿದ್ಯುತ್ತು, ಎಸಿ ಜೋಡಿಸುವ ಕಂಪನಿ ಅದು, ನಾನು ಗುಮಾಸ್ತ. ನಾನೂರು ಚಿಲ್ಲರೆ ಕೆಲಸಗಾರರ ಹಾಜರಿ, ರಜೆ, ಎಕ್ಸಿಟ್ ಪರ್ಮಿಟ್ ಮೂರೂ ನನ್ನ ಮೇಜಿನ ಮೇಲಿನಿಂದಲೇ ಹಾದುಹೋಗಬೇಕಿತ್ತು. ಹಾಗಾಗಿ ಅರ್ಜಿ ಹಿಡಿದು ನಿಂತವರು ಹೇಳದ ಕೆಲವು ಸಂಗತಿಗಳು ನನಗೆ ಗೊತ್ತು.

ಆ ಕಾಲಕ್ಕೆ ಕತಾರ್‌ನಲ್ಲಿ ನಡೆಯುತ್ತಿದ್ದುದು 2009ರ 4ನೆಯ ನಂಬರಿನ ಕಾನೂನು. ನೌಕರ ಯಾರ ಹೊಣೆಗಾರಿಕೆಯ ಮೇಲೆ ದೇಶದೊಳಗೆ ಬಂದನೋ ಆ ಕಫೀಲನ ಸಹಿ ಇಲ್ಲದೆ ಹೊರಗೆ ಹೋಗುವಂತಿಲ್ಲ. ಟಿಕೆಟ್ ಇದ್ದರೂ, ಪಾಸ್‌ಪೋರ್ಟ್ ಕೈಯಲ್ಲಿದ್ದರೂ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಿಂದ ಹಿಂದಕ್ಕೆ ಕಳುಹಿಸುತ್ತಿದ್ದರು. ಪಾಸ್‌ಪೋರ್ಟ್ ಕೈಯಲ್ಲಿ ಇರುತ್ತಿದ್ದುದಾದರೂ ಎಷ್ಟು ಜನರಿಗೆ? ವಾಸದ ಪರವಾನಗಿ ಆದ ಮೇಲೆ ಅದನ್ನು ನೌಕರನಿಗೆ ಹಿಂತಿರುಗಿಸಬೇಕು ಎಂದು ಅದೇ ಕಾನೂನಿನಲ್ಲಿತ್ತು. ನಮ್ಮಲ್ಲಿ ಅವೆಲ್ಲ ಕಬ್ಬಿಣದ ಕಪಾಟಿನಲ್ಲಿರುತ್ತಿದ್ದವು. ಕಪಾಟಿನ ಒಂದು ಬೀಗದ ಕೈ ನನ್ನ ಹತ್ತಿರವೇ ಇತ್ತು. ಅದು ತಪ್ಪು ಎಂದು ಆಗ ನನಗೆ ಅನ್ನಿಸಿರಲಿಲ್ಲ. ಕಳೆದುಹೋಗದಂತೆ ಕಾಯುತ್ತಿದ್ದೇವೆ ಎಂದೇ ಅಂದುಕೊಂಡಿದ್ದೆ.

ಕಫೀಲ ಎಂದ ಕೂಡಲೇ ಊರಿನಲ್ಲಿ ಎಲ್ಲರ ಕಣ್ಣಿಗೆ ಬರುವುದು ಬಿಳಿ ನಿಲುವಂಗಿಯ ಸಿರಿವಂತ ಅರಬ. ಹನ್ನೊಂದು ವರ್ಷಗಳಲ್ಲಿ ನಮ್ಮ ಕಫೀಲನನ್ನು ನಾನು ಕಂಡದ್ದು ನಾಲ್ಕು ಸಲ. ಕೆಲಸಗಾರನಿಗೂ ಅವನಿಗೂ ನಡುವೆ ನಿಂತಿದ್ದವರು ನಾವು: ಫೋರ್‌ಮನ್, ಕ್ಯಾಂಪ್ ಬಾಸ್, ನಾನು, ಸರ್ಕಾರಿ ಕಚೇರಿಗಳಿಗೆ ಓಡಾಡುವ ಮಂದೂಬ್, ಸಹಿಯ ಅಧಿಕಾರವಿದ್ದ ಮ್ಯಾನೇಜರ್. ಮಂದೂಬ್ ಒಬ್ಬನನ್ನು ಬಿಟ್ಟರೆ ಉಳಿದವರೆಲ್ಲ ನಮ್ಮ ದೇಶದವರೇ. ‘ಆಗುವುದಿಲ್ಲ’ ಎಂದು ಯಾರೂ ಹೇಳುತ್ತಿರಲಿಲ್ಲ. ಹಾಗೆ ಹೇಳಿದರೆ ದೂರು ಕೊಡಬಹುದಲ್ಲ. ನಾವು ಹೇಳುತ್ತಿದ್ದುದು ‘ಬುಕ್ರಾ’. ಅರಬ್ಬಿಯಲ್ಲಿ ನಾಳೆ ಎಂದರ್ಥ. ಬಂದ ವಾರದೊಳಗೆ ಎಲ್ಲರೂ ಕಲಿಯುವ ಮೊದಲ ಮೂರು ಪದಗಳಲ್ಲಿ ಅದೂ ಒಂದು.

ಸಹಿ ಸಿಗದಿದ್ದರೆ ಕಾನೂನಿನಲ್ಲಿ ಇನ್ನೊಂದು ದಾರಿ ಇತ್ತು. ಎರಡು ದಿನಪತ್ರಿಕೆಗಳಲ್ಲಿ ‘ನಾನು ದೇಶ ಬಿಡುತ್ತಿದ್ದೇನೆ’ ಎಂದು ಪ್ರಕಟಣೆ ಕೊಟ್ಟು, ಹದಿನೈದು ದಿನ ಕಾದು, ತನ್ನ ಮೇಲೆ ಯಾವ ತೀರ್ಪೂ ಬಾಕಿ ಇಲ್ಲವೆಂಬ ಪ್ರಮಾಣಪತ್ರ ತರಬೇಕು. ತಿಂಗಳಿಗೆ ಎಂಟುನೂರು ರಿಯಾಲ್ ಸಂಬಳದ ಪೈಪ್ ಫಿಟ್ಟರ್ ಎರಡು ಪತ್ರಿಕೆಗಳಲ್ಲಿ ಜಾಹೀರಾತು ಕೊಡುವುದನ್ನು ಊಹಿಸಿಕೊಳ್ಳಿ. ನನ್ನ ಮೇಜಿನ ಮುಂದೆ ಆ ದಾರಿ ಹಿಡಿದವರು ಒಬ್ಬರೂ ಇರಲಿಲ್ಲ.

ಹೆಸರು, ಹಣ ಇದ್ದವರೂ ಸಿಕ್ಕಿಬಿದ್ದದ್ದುಂಟು. ಜಾಹಿರ್ ಬೆಲೂನಿಸ್ ಎಂಬ ಫ್ರೆಂಚ್–ಅಲ್ಜೀರಿಯನ್ ಫುಟ್‌ಬಾಲ್ ಆಟಗಾರ ಸಂಬಳ ಬಾಕಿಯ ವಿಚಾರದಲ್ಲಿ ತನ್ನ ಕ್ಲಬ್ಬಿನೊಂದಿಗೆ ಜಗಳಕ್ಕೆ ಬಿದ್ದು, ಎಕ್ಸಿಟ್ ಪರ್ಮಿಟ್ ಸಿಗದೆ ಹೆಂಡತಿ ಮಕ್ಕಳೊಂದಿಗೆ ದೋಹಾದಲ್ಲೇ ಉಳಿದುಬಿಟ್ಟಿದ್ದ. 2013ರ ನವೆಂಬರ್‌ನಲ್ಲಿ ಅವನು ಹೊರಟದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ನಮ್ಮ ಕ್ಯಾಂಪಿನ ಹುಡುಗರು ಆ ಸುದ್ದಿಯನ್ನು ಮೊಬೈಲಿನಲ್ಲಿ ಓದಿ, ಫುಟ್‌ಬಾಲ್ ಆಡುವವನಿಗೇ ಹೀಗಾದರೆ ಎಂದು ನಕ್ಕದ್ದು ನೆನಪಿದೆ.

ಈಗ ಹಪ್ಪಳದ ವಿಷಯ. ರಜೆ ಮುಗಿಸಿ ಬರುವವರು ನನಗಾಗಿ ಏನಾದರೊಂದು ತರುತ್ತಿದ್ದರು. ಕರಾವಳಿಯವರು ಹಲಸಿನ ಹಪ್ಪಳ, ಕೇರಳದವರು ಬಾಳೆಕಾಯಿ ಚಿಪ್ಸ್, ನೇಪಾಳದವರು ಒಣಗಿಸಿದ ಸೊಪ್ಪಿನ ಗುಂದ್ರುಕ್. ಮೊದಲ ವರ್ಷ ಪ್ರೀತಿ ಎಂದುಕೊಂಡೆ. ಎರಡನೆಯ ವರ್ಷ ನನ್ನ ಕೋಣೆಯ ಅಟ್ಟದ ಮೇಲೆ ಜಾಗ ಸಾಲದಾದಾಗ, ಪಕ್ಕದ ಸ್ಟೋರ್‌ಕೀಪರ್‌ಗೆ ಯಾಕೆ ಯಾರೂ ಏನೂ ತರುವುದಿಲ್ಲ ಎಂದು ಯೋಚಿಸಿದೆ. ಅವನು ನನಗಿಂತ ಒಳ್ಳೆಯ ಮನುಷ್ಯ. ಆದರೆ ಅವನ ಮೇಜಿನ ಮೇಲೆ ಎಕ್ಸಿಟ್ ಫೈಲ್ ಇರಲಿಲ್ಲ. ಇದು ಗೊತ್ತಾದ ಮೇಲೂ ನಾನು ಹಪ್ಪಳ ಬೇಡವೆನ್ನಲಿಲ್ಲ. ಕರಿದು ತಿಂದೆ.

2012ರ ಜೂನ್. ಗುರುವಾರ ಸಂಜೆ ಐದೂವರೆಗೆ ಹೊನ್ನಾವರದ ಕಡೆಯ ಪೈಪ್ ಫಿಟ್ಟರ್ ಒಬ್ಬ ಕೆಲಸದ ಬಟ್ಟೆಯಲ್ಲೇ ಕಚೇರಿಗೆ ಬಂದ. ತಾಯಿ ತೀರಿಕೊಂಡಿದ್ದರು. ಅವನೇ ಕಿರಿಯ ಮಗ. ಕ್ಯಾಂಪಿನಲ್ಲಿ ಹುಡುಗರು ಆಗಲೇ ಟಿಕೆಟ್ಟಿಗೆ ಹಣ ಕೂಡಿಸುತ್ತಿದ್ದರು. ಅಲ್ಲಿ ಶುಕ್ರವಾರ, ಶನಿವಾರ ಸರ್ಕಾರಿ ರಜೆ. ನಮ್ಮ ಮಾಲೀಕ ಬೇಸಿಗೆ ಕಳೆಯಲು ಲಂಡನ್ನಿಗೆ ಹೋಗಿದ್ದ. ಸಹಿಯ ಅಧಿಕಾರವಿದ್ದ ಇನ್ನೊಬ್ಬ ಮ್ಯಾನೇಜರ್ ಗುರುವಾರ ಮಧ್ಯಾಹ್ನದ ಮೇಲೆ ಫೋನ್ ಎತ್ತುವವನಲ್ಲ, ಎರಡು ದಿನ ಮರಳುಗಾಡಿನಲ್ಲಿ ಡೇರೆ ಹಾಕಿ ಕುಳಿತಿರುತ್ತಾನೆ ಎಂಬುದು ಇಡೀ ಕಂಪನಿಗೆ ಗೊತ್ತು, ಆ ಹುಡುಗನನ್ನು ಬಿಟ್ಟು. ನಾನು ಮೂರು ಸಲ ಕರೆ ಮಾಡಿದೆ. ಆಮೇಲೆ ಅವನಿಗೆ, “ನಾಳೆ ಬೆಳಿಗ್ಗೆ ಆಗುತ್ತದೆ, ನೀನು ಬ್ಯಾಗ್ ತುಂಬಿಕೋ” ಎಂದೆ.

ಭಾನುವಾರದ ಮೊದಲು ಆಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಂದೇ ಹೇಳಿದ್ದರೆ ಅವನು ಊರಿಗೆ ಫೋನ್ ಮಾಡಿ ‘ಕಾಯಬೇಡಿ’ ಎನ್ನುತ್ತಿದ್ದ. ನನ್ನ ಮಾತು ನಂಬಿ ಅವನ ಮನೆಯವರು ಕುಂದಾಪುರದಿಂದ ಶವ ಇಡುವ ಫ್ರೀಜರ್ ಪೆಟ್ಟಿಗೆ ತರಿಸಿದರು. ಶುಕ್ರವಾರ ಬೆಳಿಗ್ಗೆಯಿಂದ ಅವನು ಕ್ಯಾಂಪಿನ ಗೇಟಿನ ಬಳಿ ಬ್ಯಾಗ್ ಇಟ್ಟುಕೊಂಡು ಕುಳಿತಿದ್ದ. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು. ಆ ರಾತ್ರಿ ಊರಿನಲ್ಲಿ ಮಳೆ ಸುರಿಯುತ್ತಿದ್ದಾಗಲೇ ಅಣ್ಣನ ಮಗ ಚಿತೆಗೆ ಬೆಂಕಿ ಕೊಟ್ಟನಂತೆ. ಭಾನುವಾರ ಹನ್ನೊಂದು ಗಂಟೆಗೆ ಪರ್ಮಿಟ್ ಆಯಿತು. ಕಂಪ್ಯೂಟರ್‌ ಮುಂದೆ ನಾಲ್ಕು ನಿಮಿಷದ ಕೆಲಸ. ಮುಂಬೈಗೆ ವಿಮಾನ, ಅಲ್ಲಿಂದ ಕೊಂಕಣ ರೈಲು. ಮನೆ ಮುಟ್ಟಿದ್ದು ಮಂಗಳವಾರ.

ಎರಡು ತಿಂಗಳ ಮೇಲೆ ಅವನು ಹಿಂತಿರುಗಿದಾಗ ನನಗೆ ಹಪ್ಪಳ ತಂದಿದ್ದ.

ಕಂಪನಿಗಳ ವಾದವನ್ನೂ ಹೇಳಬೇಕಲ್ಲ. ಸಾಲ ಮಾಡಿ, ಕಂಪನಿಯ ದುಡ್ಡು ನುಂಗಿ ವಿಮಾನ ಹತ್ತುವವರನ್ನು ತಡೆಯಲು ಇದು ಬೇಕು ಎನ್ನುತ್ತಿದ್ದರು. ಅಂಥವರು ಇರಲಿಲ್ಲವೆಂದಲ್ಲ, ನಮ್ಮಲ್ಲೇ ಒಬ್ಬ ಖರೀದಿ ವಿಭಾಗದವನು ಹಾಗೆ ಹೋಗಿದ್ದ, ಅದೂ ಸರಿಯಾದ ಎಕ್ಸಿಟ್ ಪರ್ಮಿಟ್ ಪಡೆದೇ. ಸಾಲಗಾರನನ್ನು ತಡೆಯಲು ನ್ಯಾಯಾಲಯದ ಪ್ರಯಾಣ ನಿಷೇಧ ಬೇರೆಯೇ ಇದೆ. ಅದಕ್ಕೆ ಸಾಕ್ಷಿ, ಕಾಗದ ಬೇಕು. ಎಕ್ಸಿಟ್ ಫೈಲಿಗೆ ನನ್ನಂಥ ಒಬ್ಬ ಗುಮಾಸ್ತನ ಸೋಮಾರಿತನ ಸಾಕಿತ್ತು.

2010ರ ಡಿಸೆಂಬರ್‌ನಲ್ಲಿ ಕತಾರ್‌ಗೆ ಫುಟ್‌ಬಾಲ್ ವಿಶ್ವಕಪ್ ನಡೆಸುವ ಅವಕಾಶ ಸಿಕ್ಕಿತ್ತು. ಆಮೇಲೆ ಹೊರಗಿನವರ ಕಣ್ಣು ಕಾರ್ಮಿಕರ ಕ್ಯಾಂಪುಗಳ ಮೇಲೆ ಬಿತ್ತು. 2016ರ ಡಿಸೆಂಬರ್ 13ರಂದು ಹೊಸ ಕಾನೂನು ಜಾರಿಗೆ ಬಂದು ಕಫೀಲ ಎಂಬ ಪದ ಹೋಯಿತು. ಒಪ್ಪಿಗೆ ಹೋಗಲಿಲ್ಲ, ನಿರಾಕರಿಸಿದರೆ ದೂರು ಕೊಡಲು ಒಂದು ಸಮಿತಿ ಮಾತ್ರ ಬಂತು. 2018ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ದೋಹಾದಲ್ಲಿ ಕಚೇರಿ ತೆರೆಯಿತು. ಅದೇ ವರ್ಷ ಅಕ್ಟೋಬರ್ 28ರಿಂದ ಕಾರ್ಮಿಕ ಕಾನೂನಿನ ವ್ಯಾಪ್ತಿಯ ಹೆಚ್ಚಿನವರಿಗೆ ಎಕ್ಸಿಟ್ ಪರ್ಮಿಟ್ ಬೇಡವಾಯಿತು. ಮನೆಗೆಲಸದವರಿಗೆ, ಸರ್ಕಾರಿ ನೌಕರರಿಗೆ 2020ರ ಜನವರಿಯವರೆಗೆ ಕಾಯಬೇಕಾಯಿತು. ಮನೆಗೆಲಸದವರು ಈಗಲೂ 72 ಗಂಟೆ ಮೊದಲೇ ಮನೆಯವರಿಗೆ ತಿಳಿಸಬೇಕು.

ಆ ಅಕ್ಟೋಬರ್ ಕಳೆದು ಕೆಲವು ವಾರಗಳಾಗಿರಬೇಕು, ಅದೇ ಹೊನ್ನಾವರದವನು ರಜೆಯ ಟಿಕೆಟ್ ಹಿಡಿದು ಬಂದು, “ಸೀದಾ ಹೋಗಬಹುದೇ ಸಾರ್?” ಎಂದು ಮೂರು ಸಲ ಕೇಳಿದ. ಹೋಗು ಎಂದೆ. ನಂಬಲಿಲ್ಲ, ನಾನು ಅವನಿಗೆ ಹಿಂದೊಮ್ಮೆ ‘ನಾಳೆ’ ಎಂದವನಲ್ಲವೇ. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಇಮಿಗ್ರೇಷನ್ ದಾಟಿ ಒಳಗೆ ಕುಳಿತು ಮಾತಾಡುತ್ತಿದ್ದ. “ಏನೂ ಕೇಳಲೇ ಇಲ್ಲ ಸಾರ್” ಎಂದ.

ಆ ಕಾನೂನಿನಲ್ಲಿ ಒಂದು ಬಾಲವಿತ್ತು. ಕೆಲಸದ ಸ್ವರೂಪದ ಕಾರಣ ಕೊಟ್ಟು ನೂರಕ್ಕೆ ಐದರಷ್ಟು ನೌಕರರ ಪಟ್ಟಿಯನ್ನು ಕಂಪನಿ ಸಚಿವಾಲಯಕ್ಕೆ ಸಲ್ಲಿಸಬಹುದು. ಆ ಪಟ್ಟಿಯವರಿಗೆ ಮಾತ್ರ ಒಪ್ಪಿಗೆ ಬೇಕು. ನಮ್ಮ ಕಂಪನಿಯ ಪಟ್ಟಿಯಲ್ಲಿ ಇಪ್ಪತ್ತು ಹೆಸರು. ಲೆಕ್ಕಪತ್ರದವರು, ಇಂಜಿನಿಯರುಗಳು, ಕಪಾಟಿನ ಬೀಗದ ಕೈ ಇದ್ದ ಗುಮಾಸ್ತ. ಪಟ್ಟಿಯನ್ನು ಟೈಪ್ ಮಾಡಿದವನೂ ನಾನೇ. ಪೈಪ್ ಫಿಟ್ಟರ್‌ಗಳೆಲ್ಲ ಸೀದಾ ಹೋಗುತ್ತಿದ್ದಾಗ, 2019ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟ ನಾನು ನನ್ನದೇ ಅರ್ಜಿಯನ್ನು ಮ್ಯಾನೇಜರನಿಗೆ ಕೊಟ್ಟೆ. ಅವನು ತಲೆ ಎತ್ತದೆ “ಬುಕ್ರಾ” ಎಂದ. ಮೂರು ದಿನ ತೆಗೆದುಕೊಂಡ.

ಉಳಿದ ದೇಶಗಳ ಬಗ್ಗೆ ಚುಟುಕಾಗಿ. ಯುಎಇ, ಬಹರೇನ್, ಓಮನ್‌ಗಳಲ್ಲಿ ಹೊರಡಲು ಇಂಥ ಪರ್ಮಿಟ್ ಇಲ್ಲ. ಬ್ಯಾಂಕ್ ಸಾಲ, ಚೆಕ್ ಪ್ರಕರಣಗಳಿದ್ದರೆ ಪ್ರಯಾಣ ನಿಷೇಧ ಬೀಳಬಹುದು, ಅದು ಬೇರೆ. ಸೌದಿಯಲ್ಲಿ 2021ರ ಮಾರ್ಚ್ 14ರಿಂದ ಖಾಸಗಿ ಕಂಪನಿಗಳ ನೌಕರರು ಹೋಗಿ ಬರುವ ವೀಸಾವನ್ನು ‘ಅಬ್‌ಶೀರ್’ ಆ್ಯಪ್ ಮೂಲಕ ತಾವೇ ಪಡೆಯಬಹುದು. ಆದರೆ ಮನೆಯ ಡ್ರೈವರ್, ಮನೆಗೆಲಸದವರು, ತೋಟದವರು, ಕುರಿ ಕಾಯುವವರು ಆ ಸುಧಾರಣೆಯ ಹೊರಗೆ ಉಳಿದರು. ಎಲ್ಲರಿಗಿಂತ ಹೆಚ್ಚು ಸಿಕ್ಕಿಕೊಳ್ಳುವವರು ಅವರೇ.

ನಿಮ್ಮ ತಮ್ಮನ ವಿಷಯಕ್ಕೆ ಬಂದರೆ, ಕಳುಹಿಸಿ. ಕೆಲವು ಕೆಲಸಗಳನ್ನು ಇಲ್ಲೇ ಮುಗಿಸಿಕೊಳ್ಳಲಿ. ಏಜೆಂಟ್ ನೋಂದಾಯಿತನೇ ಎಂದು ನಮ್ಮ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿಕೊಳ್ಳಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷ ಕೇಳಿದರೆ ಅಲ್ಲೇ ಎದ್ದು ಬನ್ನಿ. ಸಾಲ ಮಾಡಿ ಹೋದವನಿಗೆ ಪರ್ಮಿಟ್ ಕೈಯಲ್ಲಿದ್ದರೂ ಹಿಂತಿರುಗಲು ಆಗುವುದಿಲ್ಲ. ಒಪ್ಪಂದದ ಪತ್ರ, ಪಾಸ್‌ಪೋರ್ಟ್, ವೀಸಾ ಇವುಗಳ ಫೋಟೋ ನಿಮ್ಮ ಮೊಬೈಲಿನಲ್ಲೂ ಇರಲಿ. ಅಲ್ಲಿ ಹೋದ ಮೇಲೆ ಸಹೆಲ್ ಆ್ಯಪ್ ಅವನದೇ ಫೋನಿನಲ್ಲಿ, ಅವನದೇ ಪಾಸ್‌ವರ್ಡಿನಲ್ಲಿ ಇರಬೇಕು. ಎಲ್ಲರ ಆ್ಯಪ್‌ಗಳನ್ನೂ ತಾನೇ ನೋಡಿಕೊಳ್ಳುತ್ತೇನೆ ಎನ್ನುವ ಉಪಕಾರಿ ಒಬ್ಬ ಪ್ರತಿ ಕ್ಯಾಂಪಿನಲ್ಲೂ ಇರುತ್ತಾನೆ. ಅರ್ಜಿ ಹಾಕಿದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಡಲಿ. ಸಿಕ್ಕಿಕೊಂಡರೆ ನೀವು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ ‘ಮದದ್’ ತಾಣದಲ್ಲಿ ದೂರು ದಾಖಲಿಸಬಹುದು; ಆಗ ಆ ಸ್ಕ್ರೀನ್‌ಶಾಟ್ ಕೆಲಸಕ್ಕೆ ಬರುತ್ತದೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ, ಮನೆಯಲ್ಲಿ ಎಲ್ಲರೂ ಚೆನ್ನಾಗಿರುವಾಗಲೇ, ಅವನು ಕಚೇರಿಗೆ ಹೋಗಿ ಒಂದು ಪ್ರಶ್ನೆ ಕೇಳಲಿ: ನಮ್ಮ ಅರ್ಜಿಗೆ ಒಪ್ಪಿಗೆಯ ಗುಂಡಿ ಒತ್ತುವವರು ಯಾರು, ಗುರುವಾರ ಸಂಜೆ ಅವರು ಸಿಗದಿದ್ದರೆ ಯಾರು? ಎರಡು ಹೆಸರು, ಎರಡು ಫೋನ್ ನಂಬರ್ ಬರೆದುಕೊಂಡು ನಿಮಗೂ ಕಳುಹಿಸಲಿ. ‘ನಾಳೆ ಹೇಳುತ್ತೇನೆ’ ಎಂದರೆ ಮರುದಿನವೂ ಹೋಗಿ ಕೇಳಲಿ. ಆ ಗುಮಾಸ್ತನಿಗೆ ಹಪ್ಪಳ ಒಯ್ಯುವ ಅಗತ್ಯವಿಲ್ಲ.